ತೀರ್ಥಹಳ್ಳಿ ಕಡೆ ಕೊಟ್ಟಿಗೆಯಲ್ಲಿ ನಿಂತಿರುವ 1969ರ ಫಿಯೆಟ್ 1100, 35 ಸಾವಿರಕ್ಕೆ ತಗೊಳ್ಳಬಹುದಾ?

ಮಲೆನಾಡ್ ಮಳೆ · ನವೆಂಬರ್ 9

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನಾನು ಇರುವುದು ಶಿವಮೊಗ್ಗದಲ್ಲಿ. ಹೋದ ವಾರ ಸ್ನೇಹಿತನ ಜೊತೆ ತೀರ್ಥಹಳ್ಳಿ ಹತ್ತಿರ ಒಂದು ಅಡಿಕೆ ತೋಟದ ಮನೆಗೆ ಹೋಗಿದ್ದೆ. ಅಲ್ಲಿ ಕೊಟ್ಟಿಗೆಯಲ್ಲಿ ಒಂದು ಫಿಯೆಟ್ 1100 ನಿಂತಿದೆ. ಡಿಲೈಟ್ ಮಾಡೆಲ್, 1969. ಹ್ಯಾಂಡ್ ಗೇರ್, ಅಂದರೆ ಸ್ಟೀರಿಂಗ್ ಪಕ್ಕದಲ್ಲೇ ಗೇರ್. 2008ರಿಂದ ಓಡಿಲ್ಲ. ಮನೆಯ ಅಜ್ಜ ಓಡಿಸುತ್ತಿದ್ದರಂತೆ, 2011ರಲ್ಲಿ ತೀರಿಕೊಂಡರು. ಈಗ ಅಜ್ಜಿ ಇದ್ದಾರೆ, ಮಗ ಇದ್ದಾರೆ. ಗುಜರಿಯವರು ಎರಡು ಸಲ ಬಂದು ಕೇಳಿದ್ದಾರಂತೆ. ಅಜ್ಜಿ ಕೊಡಲಿಲ್ಲ. ಸರಿ ಮಾಡಿ ಓಡಿಸುವವರಿಗಾದರೆ 35 ಸಾವಿರಕ್ಕೆ ಕೊಡುತ್ತೇವೆ ಎಂದರು.

ಇಂಜಿನ್ ಜಾಮ್ ಆಗಿದೆ, ಫ್ಯಾನ್ ಹಿಡಿದು ತಿರುಗಿಸಿದರೆ ಅಲ್ಲಾಡುವುದಿಲ್ಲ. ಹಿಂದಿನ ಎರಡು ಚಕ್ರವೂ ಹಿಡಿದುಕೊಂಡಿವೆ. ನಾನು ಸ್ಕೂಟರು, ಬೈಕು ಬಿಚ್ಚಿ ಜೋಡಿಸಿದವನು, ಕಾರಿನ ಕೆಲಸ ಮಾಡಿಲ್ಲ. ಕೈಯಲ್ಲಿ ಎರಡು ಲಕ್ಷ ಇದೆ, ಅದೂ ಒಂದು ವರ್ಷದಲ್ಲಿ ಹಂಚಿ ಖರ್ಚು ಮಾಡಬೇಕು. ಇಂಜಿನ್ ಜಾಮ್ ಆದ ಗಾಡಿ ತಗೊಳ್ಳುವುದು ತಪ್ಪಾ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ನನಗೆ ಮಾತ್ರ ಅದನ್ನು ನೋಡಿ ಬಂದ ಮೇಲೆ ನಿದ್ದೆ ಬರುತ್ತಿಲ್ಲ.


ದಾವಣಗೆರೆ ಲೇತ್ · ನವೆಂಬರ್ 9

ತಮ್ಮಾ, ನೀನು ಕೇಳಿದ್ದು ಇಂಜಿನ್ ಬಗ್ಗೆ. ಮೊದಲು ಕೇಳಬೇಕಾಗಿದ್ದು ಬಾಡಿ ಬಗ್ಗೆ.

ನಾನು 30 ವರ್ಷ ಇಂಜಿನ್ ಬೋರಿಂಗ್ ಕೆಲಸ ಮಾಡಿದವನು. ಈ ಇಂಜಿನ್ ಎಷ್ಟು ಬಂದು ಹೋಗಿವೆ ಅಂತ ಲೆಕ್ಕ ಇಟ್ಟಿಲ್ಲ. 1089 ಸಿಸಿ, 68 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡುವ ದೂರ), ನಾಲ್ಕು ಸಿಲಿಂಡರು. ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಬೋರು ಸವೆದಿದ್ದರೆ ಓವರ್‌ಸೈಜ್ ಪಿಸ್ಟನ್ ಹಾಕುತ್ತೇವೆ, ಅದೂ ಮುಗಿದಿದ್ದರೆ ಸ್ಲೀವ್ ಕೂರಿಸುತ್ತೇವೆ. ಕ್ರ್ಯಾಂಕ್ ಗ್ರೈಂಡ್ ಆಗುತ್ತದೆ. ವಾಲ್ವ್ ಸೀಟ್ ಬದಲಾಗುತ್ತದೆ. ಇದರಲ್ಲಿ ರಿಪೇರಿ ಆಗದಿರುವುದು ಅಂತ ಹೆಚ್ಚು ಕಡಿಮೆ ಏನೂ ಇಲ್ಲ. ಮುಂದೆ ಬಂದ ಪ್ರೀಮಿಯರ್ ಪದ್ಮಿನಿ ಕಾರಿಗೂ ಇದೇ ಇಂಜಿನ್, ಹಾಗಾಗಿ ಸಾಮಾನೂ ಇನ್ನೂ ಸಿಗುತ್ತದೆ. ಒಂದೇ ಒಂದು ಭಯ ಹೆಡ್ ಬಗ್ಗೆ. ವರ್ಷಗಟ್ಟಲೆ ಬರೀ ಬಾವಿ ನೀರು ಹಾಕಿ ಓಡಿಸಿದ್ದರೆ ಅಲ್ಯೂಮಿನಿಯಂ ಒಳಗಿಂದ ತಿಂದು ಹೋಗಿರುತ್ತದೆ. ನೀರು ಹೋಗುವ ತೂತುಗಳ ಅಂಚು ಕಿತ್ತುಕೊಂಡು ಬಂದಿದ್ದರೆ ಬೇರೆ ಹೆಡ್ ಹುಡುಕಬೇಕು.

ಬಾಡಿ ಹಾಗಲ್ಲ. ಈ ಗಾಡಿಗೆ ಜೀಪಿನ ತರ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗೆ ಪೆಟ್ಟಿಗೆ ತರ ಉದ್ದಕ್ಕೆ ಹೋಗುತ್ತಲ್ಲ ಆ ಭಾಗ, ಹಿಂದೆ ಲೀಫ್ ಸ್ಪ್ರಿಂಗ್ ಬಂದು ಕೂರುವ ಜಾಗ, ಇವೆಲ್ಲ ಸೇರಿಯೇ ಗಾಡಿ ನಿಂತಿರುವುದು. ಮಲೆನಾಡಲ್ಲಿ 17 ವರ್ಷ ನಿಂತಿದೆ ಅಂದರೆ ನಾನು ಮೊದಲು ನೋಡುವುದು ಅದನ್ನೇ. ಇಂಜಿನ್ ಕೆಲಸ ಒಂದು ತಿಂಗಳಲ್ಲಿ ಮುಗಿಯುತ್ತದೆ. ಒಳ್ಳೆಯ ಟಿಂಕರಿಂಗ್ (ತಗಡಿನ) ಕೆಲಸ ಯಾವಾಗ ಮುಗಿಯುತ್ತದೆ ಅಂತ ಮಾಡುವವನಿಗೂ ಹೇಳಲು ಆಗುವುದಿಲ್ಲ.

ಮತ್ತೆ ಹೋಗು. ಒಂದು ಟಾರ್ಚು, ಒಂದು ಹಳೇ ಸ್ಕ್ರೂ ಡ್ರೈವರ್, ಒಂದು ಆಯಸ್ಕಾಂತ, ಕೆಳಗೆ ಹಾಸಲು ಗೋಣಿಚೀಲ ತಗೊಂಡು ಹೋಗು. ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಇಡುತ್ತಾ ಹೋಗು. ಹಿಡಿಯದ ಕಡೆ ಒಳಗೆ ಪುಟ್ಟಿ ಇದೆ ಅಂತ ಅರ್ಥ. ಕೆಳಗೆ ಮಲಗಿ ಸ್ಕ್ರೂ ಡ್ರೈವರ್‌ನಿಂದ ಒತ್ತಿ ನೋಡು. ಮೇಲೆ ಪದರ ಉದುರಿದರೆ ಚಿಂತೆ ಇಲ್ಲ, ಒಳಗೆ ಹೋದರೆ ಅಲ್ಲಿ ತಗಡು ಇಲ್ಲ. ಮ್ಯಾಟ್ ಎತ್ತಿ ನೋಡು, ಬ್ಯಾಟರಿ ಕೂರುವ ಜಾಗ ನೋಡು, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗೆ ನೋಡು. ನೋಡಿ ಬಂದು ಬರಿ, ಆಮೇಲೆ ದುಡ್ಡಿನ ಮಾತು.


ಕಾಗದಪತ್ರ · ನವೆಂಬರ್ 10

ಮೇಲಿನವರು ತಗಡಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಅದರ ಜೊತೆಗೆ ಇನ್ನೊಂದು ತುಕ್ಕು ಇದೆ, ಅದು ಆರ್‌ಸಿಯದು.

ಆರ್‌ಸಿ ಅಜ್ಜನ ಹೆಸರಲ್ಲೇ ಇದ್ದರೆ ಅವರ ಸಹಿ ಈಗ ಸಿಗುವುದಿಲ್ಲ. ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರ್ಮ್ 31. ಮರಣ ಪತ್ರ, ವಂಶವೃಕ್ಷ, ಉಳಿದ ಮಕ್ಕಳ ಒಪ್ಪಿಗೆ ಎಲ್ಲ ಬೇಕು. ಆಮೇಲೆ ನಿಮ್ಮ ಹೆಸರಿಗೆ ಫಾರ್ಮ್ 29 ಮತ್ತು 30. ಅವಧಿ ಮುಗಿದ ಆರ್‌ಸಿ ಮತ್ತೆ ಚಾಲ್ತಿಗೆ ಬರಲು ಫಾರ್ಮ್ 25, ಅದಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ್ದಕ್ಕೆ 10,000 ಮಾಡಿದರು. ತಡವಾಗಿದ್ದಕ್ಕೆ ತಿಂಗಳಿಗೆ 500ರ ಲೆಕ್ಕ ಬೇರೆ ಇದೆ, ಬಾಕಿ ಟ್ಯಾಕ್ಸ್ ಬೇರೆ. ಆದ್ದರಿಂದ ಖರೀದಿಗೆ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ನಂಬರ್ ಕೊಟ್ಟು, ಗಾಡಿ ಅವರ ದಾಖಲೆಯಲ್ಲಿ ಇನ್ನೂ ಜೀವಂತ ಇದೆಯಾ, ಎಷ್ಟು ಬಾಕಿ ಇದೆ ಅಂತ ಕೇಳಿಕೊಂಡು ಬನ್ನಿ. ಮೈಸೂರು ರಾಜ್ಯ ಅಂತಿದ್ದ ಕಾಲದ ಹಳೇ ಎಂವೈ ನಂಬರ್‌ಗಳು ಎಷ್ಟೋ ಸಲ ಪುಸ್ತಕದಲ್ಲಿ ಇರುತ್ತವೆ, ಕಂಪ್ಯೂಟರಿಗೆ ಬಂದಿರುವುದಿಲ್ಲ. ಅದನ್ನು ಹತ್ತಿಸುವುದೇ ಒಂದು ಕೆಲಸ.

ಬಾಡಿ ಮೇಲೆ ಪಂಚ್ ಮಾಡಿದ ಚಾಸಿ ನಂಬರ್, ಬ್ಲಾಕ್ ಮೇಲಿನ ಇಂಜಿನ್ ನಂಬರ್, ಎರಡನ್ನೂ ಆರ್‌ಸಿ ಜೊತೆ ಒಂದೊಂದೇ ಅಂಕೆ ಹೋಲಿಸಿ. ಹಿಂದೆ ಯಾವಾಗಲೋ ಇಂಜಿನ್ ಬದಲಾಯಿಸಿ ಬರೆಸದೇ ಬಿಟ್ಟಿದ್ದರೆ ತಲೆನೋವು ನಿಮ್ಮದಾಗುತ್ತದೆ.


ಉಡುಪಿ ಪದ್ಮಿನಿ · ನವೆಂಬರ್ 10

ನಮ್ಮಲ್ಲಿ ಅಪ್ಪನ 1985ರ ಪದ್ಮಿನಿ ಇದೆ, ಈಗಲೂ ವಾರಕ್ಕೊಂದು ದಿನ ನಾನೇ ಓಡಿಸುತ್ತೇನೆ. ಕಡಲ ಗಾಳಿಗೆ ನಾಲ್ಕು ವರ್ಷಕ್ಕೊಮ್ಮೆ ಎಲ್ಲಾದರೂ ವೆಲ್ಡಿಂಗ್ ಆಗಲೇಬೇಕು. ಹಾಗಿದ್ದರೂ ಒಂದು ದಿನವೂ ಇದನ್ನು ಯಾಕೆ ಇಟ್ಟುಕೊಂಡೆ ಅಂತ ಅನಿಸಿಲ್ಲ. ತಗೊಳ್ಳಿ ಅಂತಲೇ ನನ್ನ ಮಾತು, ಆದರೆ 35 ಸಾವಿರವನ್ನು ಗಾಡಿಯ ಬೆಲೆ ಅಂತ ತಿಳಿಯಬೇಡಿ. ಅದು ಬಾಗಿಲು ತೆಗೆಯಲು ಕೊಡುವ ದುಡ್ಡು.


ಹುಬ್ಬಳ್ಳಿ ಹೈವೇ · ನವೆಂಬರ್ 11

ನನ್ನ ಅಭಿಪ್ರಾಯ ಬೇರೆ. ಜಾಮ್ ಆದ ಇಂಜಿನ್ ಮೇಲೆ ದುಡ್ಡು ಸುರಿಯುವ ಬದಲು ಒಳ್ಳೆಯ ಕಂಡೀಷನ್ನಿನ ಬೇರೆ ಇಂಜಿನ್, ಗೇರ್ ಬಾಕ್ಸ್ ಕೂರಿಸಿ. ಹಿಂದೆ ಪದ್ಮಿನಿಗೆ ಡೀಸೆಲ್ ಇಂಜಿನ್ ಹಾಕಿ ಟ್ಯಾಕ್ಸಿ ಓಡಿಸಿದವರು ಬೇಕಾದಷ್ಟು ಜನ. ಪದ್ಮಿನಿ ಮಾಡುತ್ತಿದ್ದ ಪ್ರೀಮಿಯರ್ ಕಂಪನಿಯೇ ತನ್ನ ಇನ್ನೊಂದು ಕಾರು 118 ಎನ್‌ಇ ಮಾಡುವಾಗ ಫಿಯೆಟ್ 124ರ ಬಾಡಿಗೆ ನಿಸ್ಸಾನ್ ಇಂಜಿನ್ ಹಾಕಿತಲ್ಲ? ಓಡಿಸುವುದಕ್ಕೆ ಅಲ್ವಾ ಕಾರು. ಎಸಿ ಬರುತ್ತೆ, ಹೈವೇಯಲ್ಲಿ ಲಾರಿ ಹಿಂದೆ ನಿಲ್ಲಬೇಕಾಗಿಲ್ಲ.


ದಾವಣಗೆರೆ ಲೇತ್ · ನವೆಂಬರ್ 11

118 ಎನ್‌ಇಯನ್ನು ಕಂಪನಿ ಹಾಗೇ ಲೆಕ್ಕ ಹಾಕಿ ಮಾಡಿತು, ಮೌಂಟು, ಬ್ರೇಕು, ಎಲ್ಲ ಅದಕ್ಕೆ ತಕ್ಕಂತೆ. ಇಲ್ಲಿ ನಾವು ಮಾಡುವುದು ಗ್ಯಾಸ್ ಕಟ್ಟರ್ ಹಿಡಿದು. ಈ ಗಾಡಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅದೂ ಒಂದೇ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದವು. 40 ಕುದುರೆ ಶಕ್ತಿಗೆ ಮಾಡಿದ ಬ್ರೇಕಿಗೆ ಜಾಸ್ತಿ ವೇಗ ಕೊಟ್ಟು ಯಾರ ಜೀವ ತೆಗೆಯುವುದು? ಕೋಪಕ್ಕೆ ಹೇಳುತ್ತಿಲ್ಲ, ಅಂಥ ಗಾಡಿ ಘಾಟಿಯಲ್ಲಿ ಬಿದ್ದಿದ್ದನ್ನು ಎತ್ತಲು ನಾನೇ ಹೋಗಿದ್ದೆ.


ಕಾಗದಪತ್ರ · ನವೆಂಬರ್ 11

ಇಂಜಿನ್ ಬದಲಾವಣೆಗೆ ಅನುಮತಿ ಬೇಕು ಎನ್ನುವುದು ಒಂದು. ಇನ್ನೊಂದು, 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು. ಈ ಗಾಡಿ ವಯಸ್ಸಿನಲ್ಲಿ ಅದಕ್ಕೆ ಬರುತ್ತದೆ. ಹೊಸ ನೋಂದಣಿಗೆ 20,000, ಹತ್ತು ವರ್ಷಕ್ಕೆ. ಹೊಸದಾಗಿ ನೋಂದಣಿ ಆದ ಗಾಡಿಯ ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನದ ಓಡಾಟಕ್ಕಿಲ್ಲ. ಭಾನುವಾರ ಅಜ್ಜಿಯನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಬೇಕು ಅಂತ ಇದ್ದರೆ ಹಳೇ ನಂಬರ್ ಮೇಲೇ ನವೀಕರಣ ಮಾಡಿಸಿಕೊಳ್ಳುವುದು ಒಳ್ಳೆಯದು.


ಮಲೆನಾಡ್ ಮಳೆ · ನವೆಂಬರ್ 16

ಇವತ್ತು ಹೋಗಿ ಬಂದೆ. ಮೂರು ಗಂಟೆ ಗಾಡಿ ಕೆಳಗೇ ಇದ್ದೆ.

ಬಲಗಡೆ ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಚೆನ್ನಾಗಿದೆ. ಸ್ಕ್ರೂ ಡ್ರೈವರ್ ಎಲ್ಲೂ ಒಳಗೆ ಹೋಗಲಿಲ್ಲ. ಎಡಗಡೆ ಕಥೆಯೇ ಬೇರೆ. ಆ ಕಡೆ ವರ್ಷಗಟ್ಟಲೆ ಅಡಿಕೆ ಸಿಪ್ಪೆ ರಾಶಿ ಹಾಕಿದ್ದಾರೆ, ಅದು ಬಾಗಿಲ ಅರ್ಧದವರೆಗೆ ಗಾಡಿಗೆ ಒರಗಿಕೊಂಡು ನಿಂತಿತ್ತು. ಸರಿಸಿದರೆ ಕೆಳಗೆ ಇನ್ನೂ ಒದ್ದೆ. ಎಡಗಡೆ ಬಾಗಿಲ ಕೆಳಗಿನ ಪೆಟ್ಟಿಗೆ ಸುಮಾರು ಎರಡು ಅಡಿ ಉದ್ದ ಹೋಗಿದೆ, ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಎರಡು ತೂತು, ಕೈ ಹೋಗುವಷ್ಟು. ಬ್ಯಾಟರಿ ತಟ್ಟೆ ಇಲ್ಲವೇ ಇಲ್ಲ. ಸ್ಪ್ರಿಂಗ್ ಕೂರುವ ಜಾಗ ಎರಡೂ ಕಡೆ ಗಟ್ಟಿ ಇದೆ. ಪುಟ್ಟಿ ಇರುವುದು ಮುಂದಿನ ಎಡ ಮಡ್‌ಗಾರ್ಡ್‌ನಲ್ಲಿ ಮಾತ್ರ.

ಏರ್ ಫಿಲ್ಟರ್ ಒಳಗೆ ಇಲಿ ಗೂಡು ಕಟ್ಟಿದೆ. ವೈರಿಂಗ್ ಪೂರ್ತಿ ಕಡಿದಿದೆ. ಗ್ರಿಲ್ಲು, ಬ್ಯಾಡ್ಜು, ನಾಲ್ಕೂ ವೀಲ್ ಕ್ಯಾಪು ಜಾಗದಲ್ಲೇ ಇವೆ.

ಹೊರಡುವಾಗ ಅಜ್ಜಿ ಒಂದು ನೋಟ್ ಬುಕ್ ತಂದು ಕೊಟ್ಟರು. ಅಜ್ಜ ಗಾಡಿಗೆ ಖರ್ಚು ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದಾರೆ. ಯಾವ ದಿನ ಎಷ್ಟು ಲೀಟರ್ ಪೆಟ್ರೋಲ್, ಎಲ್ಲಿ ಹಾಕಿಸಿದ್ದು, ಗ್ರೀಸ್ ಹೊಡೆಸಿದ್ದು, ಟೈರ್ ಬದಲಾಯಿಸಿದ್ದು. ‘ಬೋರಿಂಗ್, ಪಿಸ್ಟನ್ ಸೆಟ್, 1996’ ಅಂತ ಇದೆ. ಕೊನೆಯ ಪುಟದಲ್ಲಿ 2008ರ ಒಂದೇ ಸಾಲು, ‘ಬ್ರೇಕ್ ಹಿಡಿಯುತ್ತಿಲ್ಲ, ಮಳೆ ಕಳೆದ ಮೇಲೆ ನೋಡುವುದು.’


ದಾವಣಗೆರೆ ಲೇತ್ · ನವೆಂಬರ್ 16

ಹಾಗಾದರೆ ಗಾಡಿ ನಿಂತಿದ್ದು ಇಂಜಿನ್ ಕೆಟ್ಟು ಅಲ್ಲ, ಬ್ರೇಕ್ ಕೆಟ್ಟು. ಇದು ದೊಡ್ಡ ಸುದ್ದಿ ತಮ್ಮಾ. ಓಡುವ ಇಂಜಿನ್ ನಿಂತು ನಿಂತು ಪಿಸ್ಟನ್ ರಿಂಗ್ ಹಿಡಿದಿದ್ದರೆ ಬಿಡಿಸಬಹುದು. ಓಡುತ್ತಿರುವಾಗಲೇ ಜಾಮ್ ಆಗಿದ್ದರೆ ಒಳಗೆ ಏನೋ ಮುರಿದಿರುತ್ತದೆ. ಸ್ಪ್ರಿಂಗ್ ಕೂರುವ ಜಾಗ ಗಟ್ಟಿ ಇದೆ ಅಂದೆಯಲ್ಲ, ಸಾಕು. ಎಡಗಡೆ ಪೆಟ್ಟಿಗೆ ಹೊಸದಾಗಿ ಮಡಚಿ ಹಾಕಬಹುದು. ಆ ಪುಸ್ತಕ ಕಳೆದುಕೊಳ್ಳಬೇಡ.


ಚಾಮರಾಜಪೇಟೆ 560018 · ನವೆಂಬರ್ 17

ಎಲ್ಲರೂ ತಗೊಳ್ಳಿ ಅನ್ನುತ್ತಿದ್ದೀರಿ. ನಾನು ಹೇಗೆ ಕೈಸುಟ್ಟುಕೊಂಡೆ ಎಂದೂ ಬರೆಯಬೇಕು, ಇಲ್ಲದಿದ್ದರೆ ಇವರಿಗೆ ಅನ್ಯಾಯವಾಗುತ್ತದೆ.

ಏಳು ವರ್ಷದ ಹಿಂದೆ ನಾನು ಓಡದ ಪದ್ಮಿನಿ ತಗೊಂಡೆ. ಬೆಲೆ ಇದಕ್ಕಿಂತ ಕಡಿಮೆ. ಬೆಂಗಳೂರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಮೊದಲ ವಾರದಲ್ಲೇ ಅವರು ಪೂರ್ತಿ ಬಿಚ್ಚಿಬಿಟ್ಟರು. ಬಾಗಿಲು, ಗಾಜು, ಡ್ಯಾಶ್ ಬೋರ್ಡ್, ಇಂಜಿನ್, ಎಲ್ಲ. ಬಿಚ್ಚುವ ಕೆಲಸ ಬೇಗ ಆಗುತ್ತದೆ, ನೋಡಲೂ ಖುಷಿ, ಏನೋ ನಡೆಯುತ್ತಿದೆ ಅನಿಸುತ್ತದೆ. ನಾನು 60 ಸಾವಿರ ಮುಂಗಡ ಕೊಟ್ಟೆ. ಆಮೇಲೆ 14 ತಿಂಗಳು ಏನೂ ಆಗಲಿಲ್ಲ. ಬಿಚ್ಚಿದ ಹುಡುಗ ಕೆಲಸ ಬಿಟ್ಟು ಹೋದ, ಯಾವ ಬೋಲ್ಟ್ ಎಲ್ಲಿಯದು ಅಂತ ಅವನಿಗೆ ಮಾತ್ರ ಗೊತ್ತಿತ್ತು. ಚಿಲ್ಲರೆ ಸಾಮಾನು ಬೇರೆ ಗಾಡಿಗಳಿಗೆ ಹೋಯಿತು. ಕೊನೆಗೆ ಬಾಡಿ ಒಂದು ಗಾಡಿಯಲ್ಲಿ, ಉಳಿದದ್ದು ಹನ್ನೊಂದು ಗೋಣಿಚೀಲದಲ್ಲಿ ಮನೆಗೆ ತಂದೆ. ಅದನ್ನು ಮತ್ತೆ ಜೋಡಿಸುವ ಶಕ್ತಿ ನನಗೆ ಬರಲಿಲ್ಲ. ಸಾಮಾನಿಗೆ ಬೇಕು ಅಂತ ಬಂದ ಒಬ್ಬರಿಗೆ ಕೊಟ್ಟೆ. ಅದು ಹೊರಟ ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಪೂರ್ತಿ ಬಿಚ್ಚಬೇಡಿ. ಮೊದಲು ಹೇಗಿದೆಯೋ ಹಾಗೇ ಇಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಮಾಡಿ, ಅಂಗಳದಲ್ಲಿ ಹತ್ತು ಅಡಿ ಓಡಲಿ. ತನ್ನ ಚಕ್ರದ ಮೇಲೆ ತಾನೇ ಓಡುವ ಗಾಡಿಯನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಒಂದು ಭಾಗ ಬಿಚ್ಚಿದರೆ ಅದು ಮುಗಿದ ಮೇಲೆ ಇನ್ನೊಂದು. ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಡಬ್ಬಿಗೆ ಹಾಕಿ ಹೆಸರು. ಗ್ಯಾರೇಜಿಗೆ ಆದ ಕೆಲಸಕ್ಕೆ ಮಾತ್ರ ದುಡ್ಡು. ಬಣ್ಣ ಎಲ್ಲಕ್ಕಿಂತ ಕೊನೆಗೆ.


ತೊರಿನೊ ಕನ್ನಡಿಗ · ನವೆಂಬರ್ 18

ನಾನು ಇಟಲಿಯ ತೊರಿನೊದಲ್ಲಿ ಇದ್ದೇನೆ, ಫಿಯೆಟ್ ಹುಟ್ಟಿದ ಊರು. ಲಿಂಗೊತ್ತೊ ಅಂತ ಅವರ ಹಳೇ ಕಾರ್ಖಾನೆ, 1923ರಲ್ಲಿ ಶುರುವಾಗಿದ್ದು, ಮಾಳಿಗೆ ಮೇಲೆ ಕಾರು ಓಡಿಸಿ ಪರೀಕ್ಷೆ ಮಾಡುವ ಟ್ರ್ಯಾಕ್ ಇದೆ. 1982ರಲ್ಲಿ ಅಲ್ಲಿ ಕಾರು ಮಾಡುವುದು ನಿಂತಿತು, ಕಟ್ಟಡ ಈಗಲೂ ಇದೆ. ನಿಮ್ಮ ಗಾಡಿಯ ಮೂಲ 1953ರಲ್ಲಿ ಬಂದ 1100/103, ಫಿಯೆಟ್ ಇಂಜಿನಿಯರ್ ದಾಂತೆ ಜಕೋಸಾ ಅವರ ಕಾಲದ್ದು. ಇಲ್ಲಿಯವರು ಇವತ್ತಿಗೂ ಅದನ್ನು ‘ಮಿಲ್ಲೆಚೆಂತೊ’ ಅನ್ನುತ್ತಾರೆ, ಅಂದರೆ ಸಾವಿರದ ನೂರು.

ನನಗೆ ಮನಸ್ಸಿಗೆ ತಟ್ಟಿದ್ದು ನಿಮ್ಮ ಗಾಡಿಯ ವರ್ಷ. ಇಲ್ಲಿ 1100 ಮಾಡುವುದು ನಿಂತಿದ್ದು 1969ರಲ್ಲೇ, ಅದರ ಜಾಗಕ್ಕೆ ಫಿಯೆಟ್ 128 ಬಂತು. ಅದೇ ವರ್ಷ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್‌ನವರು ನಿಮ್ಮದನ್ನು ಮಾಡಿದ್ದಾರೆ. ಆಮೇಲೆ 1972ರಲ್ಲಿ ಅದರ ಹೆಸರು ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು, ಹೊಸ ಶತಮಾನ ಶುರುವಾಗುವವರೆಗೂ ಬಂತು. ತಾಯಿ ಊರಲ್ಲಿ ನಿಂತ ಗಾಡಿಯನ್ನು ಇನ್ನೂ ಮೂವತ್ತು ವರ್ಷ ಬದುಕಿಸಿದ್ದು ನಮ್ಮ ದೇಶ. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು ಅಂತ ಓದಿದಾಗ ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳಿದೆ, ಅವರಿಗೆ ನಂಬಲು ಆಗಲಿಲ್ಲ.

ಇಲ್ಲಿ 30 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ಹಾಗಾಗಿ ಜನ ಇಟ್ಟುಕೊಳ್ಳುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಇಲ್ಲಿಯ ಗಾಡಿಗಳ ತಳವೂ ಹೋಗಿರುತ್ತದೆ, ನಿಮ್ಮ ಅಡಿಕೆ ಸಿಪ್ಪೆ ಮಾಡಿದ ಕೆಲಸ ಇಲ್ಲಿ ಉಪ್ಪು ಮಾಡುತ್ತದೆ. ನಿಮ್ಮ ಡಿಲೈಟ್‌ಗೆ ಮೂಲವಾದ 1100 ಡಿಗೆ ಬಾಗಿಲ ರಬ್ಬರು, ಗಾಜಿನ ರಬ್ಬರು ಹೊಸದಾಗಿ ಮಾಡುವವರು ಇದ್ದಾರೆ. ಬೇಕಾದಾಗ ಹೇಳಿ, ಊರಿಗೆ ಬರುವಾಗ ತರುತ್ತೇನೆ.


ಹುಬ್ಬಳ್ಳಿ ಹೈವೇ · ನವೆಂಬರ್ 18

ನೋಟ್ ಬುಕ್ ವಿಷಯ ಓದಿದ ಮೇಲೆ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಅಜ್ಜ ಅಷ್ಟು ನೋಡಿಕೊಂಡ ಇಂಜಿನ್ನನ್ನೇ ಉಳಿಸಿ. ಡೈನಮೋ ಕೆಟ್ಟಿದ್ದರೆ ಹೇಳಿ, ನಮ್ಮೂರಲ್ಲಿ ಕಾಯಿಲ್ ಸುತ್ತುವವರು ಇದ್ದಾರೆ, ನಾನೇ ತೆಗೆದುಕೊಂಡು ಹೋಗಿ ಮಾಡಿಸಿಕೊಡುತ್ತೇನೆ.


ಮಲೆನಾಡ್ ಮಳೆ · ಡಿಸೆಂಬರ್ 21

ತಗೊಂಡೆ. 30 ಸಾವಿರಕ್ಕೆ ಆಯಿತು. ಜಾಸ್ತಿ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಒಂದು ತಿಂಗಳು ಬರೀ ಕಾಗದಕ್ಕೆ ಹೋಯಿತು. ನಂಬರ್ ಪುಸ್ತಕದಲ್ಲಿತ್ತು, ಕಂಪ್ಯೂಟರಿನಲ್ಲಿ ಇರಲಿಲ್ಲ, ‘ಕಾಗದಪತ್ರ’ ಅವರು ಹೇಳಿದ ಹಾಗೇ. ಮಗ ಮೂರು ಸಲ ಕೆಲಸ ಬಿಟ್ಟು ನನ್ನ ಜೊತೆ ಬಂದರು. ಈಗ ಆರ್‌ಸಿ ಅವರ ಹೆಸರಿಗೆ ಬಂದಿದೆ, ನನ್ನ ಅರ್ಜಿ ಹಾಕಿದ್ದೇವೆ.

ಗಾಡಿ ತರುವುದೇ ಒಂದು ದಿನದ ಕೆಲಸ. ಹಿಂದಿನ ಚಕ್ರ ಬಿಡಲಿಲ್ಲ. ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಲ್ಲಿ ಬಡಿದು, ಬ್ರೇಕ್ ಆಯಿಲ್ ಹೊರಗೆ ಬಿಡುವ ಬ್ಲೀಡಿಂಗ್ ನಿಪ್ಪಲ್ ಸಡಿಲ ಮಾಡಿ, ಗಂಟೆಗೊಮ್ಮೆ ಹಿಂದೆ ಮುಂದೆ ಅಲ್ಲಾಡಿಸಿ, ಮಧ್ಯಾಹ್ನದ ಹೊತ್ತಿಗೆ ಒಂದು ಬಿಟ್ಟಿತು. ಇನ್ನೊಂದು ಬಿಡಲೇ ಇಲ್ಲ. ಅದರ ಕೆಳಗೆ ಅಡಿಕೆ ದಬ್ಬೆ ಹಾಸಿ ಎಣ್ಣೆ ಸವರಿ ಎಳೆದೆವು. ಲಾರಿ ಹತ್ತಿಸುವಾಗ ಅಜ್ಜಿ ಬಂದು ಬಾನೆಟ್ ಮೇಲೆ ಕೈ ಇಟ್ಟು ನಿಂತರು. ಏನೂ ಹೇಳಲಿಲ್ಲ.


ದಾವಣಗೆರೆ ಲೇತ್ · ಡಿಸೆಂಬರ್ 21

ಶುಭವಾಗಲಿ ತಮ್ಮಾ. ಈಗ ಅವಸರ ಮಾಡಬೇಡ. ಬ್ಯಾಟರಿ ಇಟ್ಟು ಸೆಲ್ಫ್ ಹೊಡೆಯಲೇಬೇಡ, ರಿಂಗ್ ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚು. ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮ ಸೇರಿಸಿ ಪ್ರತಿ ತೂತಿಗೂ ಎರಡು ಮೂರು ಚಮಚ ಹಾಕು. ದಿನಾ ನೋಡು, ಇಳಿದಿದ್ದರೆ ಮತ್ತೆ ಹಾಕು. ಒಂದು ವಾರ ಮುಟ್ಟಬೇಡ. ಆಮೇಲೆ ಹಿಂದಿನ ಚಕ್ರ ಎತ್ತಿ, ಟಾಪ್ ಗೇರಿಗೆ ಹಾಕಿ, ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಅಲ್ಲಾಡಿಸು. ಪೈಪ್ ಹಾಕಿ ಬಲ ಬಿಡಬೇಡ. ಇವತ್ತು ಕೂದಲೆಳೆ, ನಾಳೆ ಬೆರಳಷ್ಟು, ಹಾಗೇ ಬಿಡುತ್ತಾ ಹೋಗುತ್ತದೆ. ತಿರುಗಿದ ಮೇಲೆ ಟ್ಯಾಪೆಟ್ ಕವರ್ ತೆಗೆದು ಎಂಟೂ ವಾಲ್ವು ಮೇಲೆ ಕೆಳಗೆ ಆಗುತ್ತಿವೆಯಾ ನೋಡು. ಹಿಡಿದುಕೊಂಡ ವಾಲ್ವ್ ಇಟ್ಟುಕೊಂಡು ತಿರುಗಿಸಿದರೆ ಅದನ್ನು ಆಡಿಸುವ ಪುಶ್ ರಾಡ್ ಬಗ್ಗುತ್ತದೆ.


ಉಡುಪಿ ಪದ್ಮಿನಿ · ಡಿಸೆಂಬರ್ 22

ಹಳೇ ಟ್ಯಾಂಕಿನ ಪೆಟ್ರೋಲ್‌ನಿಂದ ಸ್ಟಾರ್ಟ್ ಮಾಡಬೇಡಿ, ಅದು ಈಗ ವಾರ್ನಿಶ್. ಒಂದು ಬಾಟಲಿಯಲ್ಲಿ ಹೊಸ ಪೆಟ್ರೋಲ್ ಹಾಕಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುತ್ತಾರಲ್ಲ ಹಾಗೆ ಎತ್ತರಕ್ಕೆ ನೇತು ಹಾಕಿ ನೇರ ಕಾರ್ಬುರೇಟರಿಗೆ ಪೈಪ್ ಕೊಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ದಯವಿಟ್ಟು.

ಇನ್ನೊಂದು ವಿಷಯ, ಈಗಿನ ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇರುತ್ತದೆ. ಅದು ನಮ್ಮ ಗಾಡಿಗಳ ಹಳೇ ರಬ್ಬರಿಗೆ ಆಗುವುದಿಲ್ಲ. ನನ್ನ ಗಾಡಿಯಲ್ಲಿ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಊದಿಕೊಂಡು ಕುಂದಾಪುರದ ಹತ್ತಿರ ನಿಂತುಬಿಟ್ಟಿತ್ತು. ಪೈಪು, ಡಯಾಫ್ರಾಮು ಎಥನಾಲ್ ತಡೆಯುವಂಥದ್ದು ಹಾಕಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಓಡಿಸದೇ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡೂ ಖಾಲಿ ಮಾಡಿ.


ಮಲೆನಾಡ್ ಮಳೆ · ಜನವರಿ 11

ಬಿಟ್ಟಿತು!

ಒಂಬತ್ತನೇ ದಿನ ಅಲ್ಲಾಡಿತು, ಹನ್ನೊಂದನೇ ದಿನ ಪೂರ್ತಿ ಒಂದು ಸುತ್ತು. ಮೂರನೇ ಸಿಲಿಂಡರಿನ ಒಂದು ವಾಲ್ವ್ ಹಿಡಿದಿತ್ತು, ಡೀಸೆಲ್ ಹಾಕಿ ಮೆಲ್ಲಗೆ ತಟ್ಟಿ ತಟ್ಟಿ ಎರಡು ದಿನ ತಗೊಂಡೆ. ಪುಶ್ ರಾಡ್ ಯಾವುದೂ ಬಗ್ಗಿಲ್ಲ. ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ನೋಡಿದೆ, ಉಳಿದ ಮೂರು ಸಿಲಿಂಡರಿನಲ್ಲಿ 110 ಪಿಎಸ್‌ಐ ಆಸುಪಾಸು ಇದೆ, ಮೂರನೇ ಸಿಲಿಂಡರಿನಲ್ಲಿ ಮಾತ್ರ 85.

ಹಳೇ ಆಯಿಲ್ ಬಿಚ್ಚಿದರೆ ಮೊದಲು ಒಂದು ಲೋಟ ನೀರು ಬಂತು.


ದಾವಣಗೆರೆ ಲೇತ್ · ಜನವರಿ 11

ನೀರು ಇಷ್ಟು ವರ್ಷದ ಆವಿ ಕೂಡಿಕೊಂಡು ಆಗಿದ್ದೂ ಇರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿದ್ದೂ ಇರಬಹುದು. ಹೊಸ ಆಯಿಲ್ ಹಾಕು, ರೇಡಿಯೇಟರಿಗೆ ನೀರು ತುಂಬಿ ಎರಡು ದಿನ ಬಿಡು, ಆಯಿಲ್ ಬಿಡುವ ಕೆಳಗಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ನೋಡು. ಮತ್ತೆ ನೀರು ಬರದಿದ್ದರೆ ಸ್ಟಾರ್ಟ್ ಮಾಡು. ಡಿಸ್ಟ್ರಿಬ್ಯೂಟರ್ ಪಾಯಿಂಟ್ ನುಣುಪು ಎಮೆರಿ ಪೇಪರಿನಲ್ಲಿ ಒರೆಸು. ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-4-2, ವೈರು ಅದಲು ಬದಲು ಮಾಡಬೇಡ.


ಮಲೆನಾಡ್ ಮಳೆ · ಫೆಬ್ರವರಿ 1

ನೀರು ಬರಲಿಲ್ಲ. ಇವತ್ತು ಸಂಜೆ ಐದು ಗಂಟೆಗೆ ಇಂಜಿನ್ ಸ್ಟಾರ್ಟ್ ಆಯಿತು. ಮೊದಲು ಪ್ಲಗ್ ಇಲ್ಲದೇ ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರುವವರೆಗೂ ಕಾದೆವು. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು ಹೊಡೆದರೆ ಏಳೆಂಟು ಸಲ ಕೆಮ್ಮಿತು, ಒಮ್ಮೆಲೇ ಹಿಡಿಯಿತು. ಬೀದಿ ತುಂಬ ಬಿಳಿ ಹೊಗೆ. ಹತ್ತು ನಿಮಿಷಕ್ಕೆ ಹೊಗೆ ಕಡಿಮೆ ಆಗಿ ನಾಲ್ಕೂ ಸಿಲಿಂಡರ್ ಸಮಕ್ಕೆ ಬಂದವು. ಬೇಡ ಬೇಡ ಅನ್ನುತ್ತಿದ್ದ ಅಮ್ಮ ಒಳಗಿಂದ ಆರತಿ ತಟ್ಟೆ ಹಿಡಿದು ಬಂದರು. ಅಜ್ಜಿಗೆ ಫೋನ್ ಮಾಡಿ ಫೋನನ್ನು ಇಂಜಿನ್ ಹತ್ತಿರ ಹಿಡಿದೆ. ‘ಅದೇ ಶಬ್ದ’ ಅಂದರು.

ಇಂಜಿನ್ ಬಿಸಿ ಆದ ಮೇಲೆ ನೋಡಿದರೆ ಮೂರನೇ ಸಿಲಿಂಡರ್ ಕಂಪ್ರೆಷನ್ 105ಕ್ಕೆ ಬಂದಿದೆ. ಬಿಚ್ಚುವುದಿಲ್ಲ, ಹಾಗೇ ಓಡಲಿ. ಇಲ್ಲಿಯವರೆಗೆ ಗಾಡಿ ಬೆಲೆ ಬಿಟ್ಟು 41 ಸಾವಿರ ಆಗಿದೆ, ಅದರಲ್ಲಿ ಕಾಗದ ಮತ್ತು ಸಾಗಾಣಿಕೆಯೇ ಅರ್ಧಕ್ಕಿಂತ ಜಾಸ್ತಿ.


ಚಾಮರಾಜಪೇಟೆ 560018 · ಫೆಬ್ರವರಿ 1

ವಿಡಿಯೋ ನಾಲ್ಕು ಸಲ ನೋಡಿದೆ. ಅಪ್ಪನಿಗೂ ತೋರಿಸಿದೆ. ನನ್ನ ಹತ್ತಿರ ಆಗ ಜೆ.ಸಿ. ರಸ್ತೆಯಲ್ಲಿ ತಗೊಂಡ ಹೊಸ ಬ್ರೇಕ್ ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕು ಚಕ್ರದ ವೀಲ್ ಸಿಲಿಂಡರ್ ಉಳಿದಿವೆ, ಡಬ್ಬಿ ಬಿಚ್ಚಿಲ್ಲ. ವಿಳಾಸ ಮೆಸೇಜ್ ಮಾಡಿ, ನಾಳೆಯೇ ಬಸ್ಸಿಗೆ ಹಾಕುತ್ತೇನೆ. ದುಡ್ಡು ಬೇಡ. ಒಳಗಿನ ರಬ್ಬರ್ ಮಾತ್ರ ಹೊಸದು ಹಾಕಿಸಿ, ಇಷ್ಟು ವರ್ಷಕ್ಕೆ ಗಟ್ಟಿಯಾಗಿರುತ್ತದೆ.


ದಾವಣಗೆರೆ ಲೇತ್ · ಫೆಬ್ರವರಿ 2

ಬ್ರೇಕ್ ಪೈಪು, ಹೋಸು ಎಲ್ಲವೂ ಹೊಸದು, ಒಂದನ್ನೂ ಉಳಿಸಬೇಡ. ಅದು ಮುಗಿಯುವ ತನಕ ಅಂಗಳ ದಾಟಬಾರದು. ಮುಂದಿನ ಚಕ್ರ ಅಕ್ಕಪಕ್ಕ ತಿರುಗುವ ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆ, ಹೊಸ ಗ್ರೀಸ್ ಹೊರಗೆ ಬರುವವರೆಗೆ. ಎಡಗಡೆ ಪೆಟ್ಟಿಗೆ ವೆಲ್ಡಿಂಗ್‌ಗೆ ಹೋಗುವ ಮೊದಲು ಬಾಗಿಲು ಹಾಕಿಯೇ ಇರಲಿ, ಒಳಗೆ ಅಡ್ಡ ಪೈಪು ಕೊಟ್ಟು ಟ್ಯಾಕ್ (ಚುಕ್ಕಿ ವೆಲ್ಡಿಂಗ್) ಮಾಡಿಸು. ಇಲ್ಲದಿದ್ದರೆ ಹಳೇ ತಗಡು ಕತ್ತರಿಸಿದ ಕೂಡಲೇ ಬಾಡಿ ಜಗ್ಗಿ, ಆಮೇಲೆ ಆ ಬಾಗಿಲು ಯಾವತ್ತೂ ಸರಿಯಾಗಿ ಕೂರುವುದಿಲ್ಲ. ಶಿವಮೊಗ್ಗಕ್ಕೆ ಮಾರ್ಚಿನಲ್ಲಿ ಒಂದು ಮದುವೆಗೆ ಬರುತ್ತೇನೆ, ಆ ಕೆಲಸ ಆಗ ಇಟ್ಟುಕೋ, ನಾನು ನಿಂತು ಮಾಡಿಸುತ್ತೇನೆ.


ಮಲೆನಾಡ್ ಮಳೆ · ಫೆಬ್ರವರಿ 2

ಅಣ್ಣಾ, ಮದುವೆ ದಿನ ಹೇಳಿ, ಅವತ್ತಿಗೇ ವೆಲ್ಡಿಂಗ್‌ನವರನ್ನು ಕರೆಯುತ್ತೇನೆ. ಊಟ, ವಸತಿ ನಮ್ಮ ಮನೆಯಲ್ಲೇ.

ತೊರಿನೊದವರೇ, ಬಾಗಿಲ ರಬ್ಬರಿನ ಒಂದು ತುಂಡು ಬಲಗಡೆ ಚೆನ್ನಾಗಿ ಉಳಿದಿತ್ತು. ಅಡ್ಡಕ್ಕೆ ಕತ್ತರಿಸಿ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ಹಾಕಿದ್ದೇನೆ. ಅಲ್ಲಿ ಸಿಗುವುದಕ್ಕೆ ಹೋಲಿಸಿ ನೋಡುತ್ತೀರಾ? ನಾಲ್ಕು ಬಾಗಿಲಿಗೂ ಬೇಕು.


ತೊರಿನೊ ಕನ್ನಡಿಗ · ಫೆಬ್ರವರಿ 3

ಫೋಟೋ ನೋಡಿದೆ. ಶನಿವಾರ ಅಂಗಡಿಗೆ ಹೋಗುತ್ತೇನೆ. ಆ ತುಂಡಿನ ದಪ್ಪ ಒಮ್ಮೆ ವರ್ನಿಯರ್‌ನಲ್ಲಿ ಅಳೆದು ಕಳಿಸಿ, ತುಟಿ ತರ ಇರುವ ಭಾಗದ್ದು ಬೇರೆ, ತಗಡಿಗೆ ಸಿಕ್ಕಿಸುವ ಭಾಗದ್ದು ಬೇರೆ. ಏಪ್ರಿಲ್‌ನಲ್ಲಿ ಊರಿಗೆ ಬರುತ್ತಿದ್ದೇನೆ, ಆಗಲೇ ತರುತ್ತೇನೆ.